ಹೊಗೆ ಕುಡಿದದ್ದು ಸಾಕು: ದಿನವಿಡೀ ಓಡುವ ಗಾಡಿಗೆ ಮೊದಲು ಶುದ್ಧ ಇಂಧನ ಕೊಡಿ

ಹೈದರಾಬಾದಿನ ಕನ್ನಡ ಬಂಧುಗಳೇ,

ಕಾಚಿಗುಡ, ಬರ್ಕತ್‌ಪುರದ ಹಳೆಯ ಮನೆಗಳಲ್ಲಿ ತಲೆಮಾರುಗಳಿಂದ ಇರುವವರೇ, ಕೂಕಟ್‌ಪಲ್ಲಿ, ಮಿಯಾಪುರ, ಲಿಂಗಂಪಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದು ಸಂಸಾರ ಮಾಡುತ್ತಿರುವವರೇ, ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ, ಆಟೋ ಓಡಿಸಲಿಕ್ಕೆ, ಓದಲಿಕ್ಕೆ ಬಂದಿರುವವರೇ, ಆಸ್ಪತ್ರೆಗೆಂದು ಇವತ್ತಷ್ಟೇ ಬಸ್ಸಿಳಿದ ಅಕ್ಕಂದಿರೇ, ಅಣ್ಣಂದಿರೇ, ಈ ಕಾಗದ ನಿಮಗಾಗಿ ಅಚ್ಚಾಗಿದೆ. ನಿಂತಲ್ಲೇ ಓದಿ. ಓದಿದ ಮೇಲೆ ಪಕ್ಕದವರ ಕೈಗೆ ಕೊಡಿ.

ನಾವು ಕೇಳುತ್ತಿರುವುದು ಇಷ್ಟು. ಈ ಊರಿನಲ್ಲಿ ಬೆಳಕು ಹರಿದಾಗಿನಿಂದ ನಡುರಾತ್ರಿಯವರೆಗೆ ರಸ್ತೆಯ ಮೇಲೇ ಇರುವ ಗಾಡಿಗಳಿವೆ. ಆಟೋ, ಸಿಟಿ ಬಸ್ಸು, ಸಾಮಾನು ಸಾಗಿಸುವ ಟ್ರಾಲಿ, ಮನೆಮನೆಗೆ ಊಟ ತಲುಪಿಸುವ ಹುಡುಗರ ಬೈಕು. ಎಲ್ಲಕ್ಕಿಂತ ಮೊದಲು ಇವು ಹೊಗೆಯಿಲ್ಲದ ಗಾಡಿಗಳಾಗಬೇಕು. ಅದರ ಖರ್ಚು ಓಡಿಸುವವನ ಹೆಗಲಿಗೆ ಬೀಳಬಾರದು.

ಪಟಾನ್‌ಚೆರು ದಾಟಿದ ಮೇಲೆ

ಬೀದರದಿಂದ ಬೆಳಗಿನ ಬಸ್ಸಿಗೆ ಬಂದವರು ಇದನ್ನು ಕಂಡಿದ್ದೀರಿ. ಜಹೀರಾಬಾದ್, ಸಂಗಾರೆಡ್ಡಿ ದಾಟುವವರೆಗೆ ಕಿಟಕಿಗಳು ತೆರೆದೇ ಇರುತ್ತವೆ, ಹೊಲದ ಗಾಳಿ ಒಳಗೆ ಬರುತ್ತದೆ. ಪಟಾನ್‌ಚೆರು ಬಂತೆಂದರೆ ಒಬ್ಬೊಬ್ಬರೇ ಗಾಜು ಎಳೆದುಕೊಳ್ಳುತ್ತಾರೆ. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಮಿಯಾಪುರ, ಕೂಕಟ್‌ಪಲ್ಲಿ, ಎರ್ರಗಡ್ಡ, ಅಮೀರ್‌ಪೇಟೆ ಎಂದು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಬಸ್ಸು ತೆವಳುತ್ತದೆ. ಮುಂದಿನ ಲಾರಿಯ ಸೈಲೆನ್ಸರ್ ಉಗುಳಿದ ಕಪ್ಪು ಹೊಗೆ ನಮ್ಮ ಬಸ್ಸಿನೊಳಗೆ, ನಮ್ಮ ಬಸ್ಸಿನದು ಹಿಂದಿನ ಆಟೋದೊಳಗೆ. ಆಟೋಗೆ ಗಾಜೂ ಇಲ್ಲ, ಬಾಗಿಲೂ ಇಲ್ಲ.

ಬಸ್ ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಿ. ಬಸ್ಸು ಪ್ಲಾಟ್‌ಫಾರಂಗೆ ಬಂದು ನಿಲ್ಲುತ್ತದೆ, ಎಂಜಿನ್ ಮಾತ್ರ ನಿಲ್ಲುವುದಿಲ್ಲ. ಕಂಡಕ್ಟರ್ ಊರಿನ ಹೆಸರು ಕೂಗುತ್ತಿರುತ್ತಾರೆ, ಡ್ರೈವರ್ ಚಹಾಕ್ಕೆ ಇಳಿದಿರುತ್ತಾರೆ, ಎಂಜಿನ್ ಗುರುಗುಟ್ಟುತ್ತಲೇ ಇರುತ್ತದೆ. ಹೊಗೆಕೊಳವೆ ನೆಲದಿಂದ ಎರಡಡಿ ಮೇಲಿದೆ. ದೊಡ್ಡವರ ಮೊಣಕಾಲಿನ ಎತ್ತರ. ತಾಯಿಯ ಕೈ ಹಿಡಿದು ನಿಂತ ಮೂರು ವರ್ಷದ ಮಗುವಿಗೆ ಅದು ಹೆಚ್ಚು ಕಡಿಮೆ ಎದೆಯ ಎತ್ತರ, ಮುಖಕ್ಕೆ ಹತ್ತಿರ. ಮಗು ಕೆಮ್ಮುತ್ತದೆ. ತಾಯಿ ಬೆನ್ನು ತಟ್ಟಿ, "ಥಂಡಿ ಆಗ್ಯದ" ಅನ್ನುತ್ತಾಳೆ.

ಅದು ಥಂಡಿಯಲ್ಲ, ತಾಯಿ. ಡೀಸೆಲ್ ಹೊಗೆ.

ಆ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣವೇ ಹೆಚ್ಚು ಕೆಡುಕು ಮಾಡುವಂಥದು. 2.5 ಮೈಕ್ರಾನಿಗಿಂತ ಸಣ್ಣದು, ಅಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಇದು ಮೂಗಿನ ಕೂದಲಿಗೆ ಸಿಗುವುದಿಲ್ಲ, ಗಂಟಲಿನ ಕಫಕ್ಕೂ ಸಿಗುವುದಿಲ್ಲ. ಶ್ವಾಸಕೋಶದ ಕೊನೆಯ ಗೂಡಿನವರೆಗೆ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಆಸ್ತಮಾ ಹೆಚ್ಚಿಸುತ್ತದೆ, ಹೃದಯಾಘಾತ, ಪಾರ್ಶ್ವವಾಯುಗಳಿಗೂ ದಾರಿ ಮಾಡುತ್ತದೆ. ಡೀಸೆಲ್ ಎಂಜಿನ್ನಿನ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ತಂಬಾಕನ್ನು ಇಟ್ಟ ಸಾಲಿನಲ್ಲೇ ಅದನ್ನೂ ಇಟ್ಟಿದೆ.

ವರ್ಷದ ಸರಾಸರಿಯಲ್ಲಿ ಈ ಸೂಕ್ಷ್ಮ ಕಣ ಒಂದು ಘನಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಾತು. ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಮಿತಿ 40. ಎಂಟು ಪಟ್ಟು ಸಡಿಲ. ಆ ಸಡಿಲ ಮಿತಿಯೊಳಗೂ ಈ ಊರು ನೆಮ್ಮದಿಯಾಗಿ ಕೂತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ, ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಹೈದರಾಬಾದಿನ ಹೆಸರೂ ಇತ್ತು, ಪಟಾನ್‌ಚೆರುವಿನ ಹೆಸರೂ ಇತ್ತು. ಆ ಕಾರ್ಯಕ್ರಮದ ಹಣದ ದೊಡ್ಡ ಪಾಲು ದೇಶದ ತುಂಬ ರಸ್ತೆಯ ಧೂಳು ಗುಡಿಸಲಿಕ್ಕೆ, ನೀರು ಚಿಮುಕಿಸಲಿಕ್ಕೆ ಹೋಯಿತು. ಧೂಳು ಗುಡಿಸುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಹೊಗೆ ಬಿಡುವ ಗಾಡಿಯನ್ನು ಹಾಗೇ ಬಿಟ್ಟು ಅದರ ಹಿಂದೆ ಪೊರಕೆ ಹಿಡಿದು ಓಡುವುದು ಪರಿಹಾರವಲ್ಲ.

ಇದು ಯಾರ ಹೊಗೆ?

ಈ ಪ್ರಶ್ನೆಗೆ ಊಹೆಯ ಉತ್ತರ ಬೇಕಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟು ಗಾಳಿ ಆತಂಕದ ಮಟ್ಟಕ್ಕೆ ಕೆಟ್ಟಿರುವ ನಗರಗಳನ್ನು ಹೆಸರಿಸಿತು. ಬೆಂಗಳೂರು, ಚೆನ್ನೈ, ಸೊಲ್ಲಾಪುರದ ಜೊತೆ ಹೈದರಾಬಾದೂ ಆ ಸಾಲಿನಲ್ಲಿತ್ತು. ಅದರ ಬೆನ್ನಿಗೇ, 2005ರಲ್ಲಿ ಈ ಊರಿನ ಮೂರು ಕಡೆ ಮೂರು ಋತುಗಳಲ್ಲಿ ಗಾಳಿಯ 180 ಮಾದರಿಗಳನ್ನು ಹಿಡಿದು, ಒಂದೊಂದು ಕಣ ಎಲ್ಲಿಂದ ಬಂತೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ದೊಡ್ಡ ಕಣಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಗಾಡಿಗಳ ಹೊಗೆ ಮತ್ತು ಗಾಡಿಗಳು ಎಬ್ಬಿಸಿದ ರಸ್ತೆಯ ಧೂಳು. ಸಣ್ಣ ಕಣಗಳಲ್ಲಿ ಗಾಡಿಯ ಹೊಗೆಯ ಜೊತೆ ಕಾರ್ಖಾನೆಯ ಕಲ್ಲಿದ್ದಲು, ಕಸ ಸುಡುವ ಬೆಂಕಿ ಕೂಡ ಸೇರಿದ್ದವು. 2010ರಲ್ಲಿ ವ್ಯಾಪಾರದ ಬಡಾವಣೆಗಳಲ್ಲಿ ದೊಡ್ಡ ಕಣಗಳ ಸರಾಸರಿ 82, ಕೈಗಾರಿಕೆಯ ಕಡೆ 96, ಜನವಸತಿಯ ಕಡೆ 64. ದೊಡ್ಡ ಕಣಗಳಿಗೆ ದೇಶದ ಮಿತಿ 60 ಮೈಕ್ರೋಗ್ರಾಂ. ಮೂರರಲ್ಲಿ ಒಂದು ಸರಾಸರಿಯೂ ಮಿತಿಯೊಳಗೆ ಇರಲಿಲ್ಲ.

ಕಾರ್ಖಾನೆಯ ಚಿಮಣಿಯನ್ನು ನಾವು ಮರೆತಿಲ್ಲ. ಬೊಲ್ಲಾರಂ, ಪಾಶಮೈಲಾರಂ ಕಡೆ ಕೆಲಸ ಮಾಡುವ ನಮ್ಮ ಹುಡುಗರಿಗೆ ಅಲ್ಲಿನ ಗಾಳಿಯ ರುಚಿ ನಾಲಿಗೆಗೇ ಗೊತ್ತು. ಓಣಿಯ ಮೂಲೆಯಲ್ಲಿ ಸುಡುವ ಪ್ಲಾಸ್ಟಿಕ್ಕಿನ ತಪ್ಪು ನಮ್ಮದೇ. ಆದರೆ ಈ ಕಾಗದ ಗಾಡಿಗಳ ಬಗ್ಗೆ. ಯಾಕೆಂದರೆ ಗಾಡಿಯ ಹೊಗೆ ಹುಟ್ಟುವುದೇ ಮನುಷ್ಯರ ನಡುವೆ, ಮೂಗಿನ ಮುಂದೆ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನ ಪದರ ಬೆಚ್ಚಗಾದಾಗ, ಪಾತ್ರೆಗೆ ಮುಚ್ಚಳ ಹಾಕಿದಂತೆ ಆ ಹೊಗೆ ಊರಿನೊಳಗೇ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಶಾಲೆಗೆ ಹೊರಡುವುದು, ಹಿರಿಯರು ವಾಕಿಂಗ್ ಹೋಗುವುದು ಅದೇ ಹೊತ್ತಿಗೆ.

ಪ್ರತಿವರ್ಷ ಮೃಗಶಿರ ಮಳೆ ಕೂಡುವ ದಿನ ನಾಂಪಲ್ಲಿ ಎಗ್ಜಿಬಿಷನ್ ಮೈದಾನದಲ್ಲಿ ಸೇರುವ ಜನಸಾಗರವನ್ನು ನೆನೆಯಿರಿ. ಬತ್ತಿನಿ ಮನೆತನದವರು ಕೊಡುವ ಮೀನಿನ ಪ್ರಸಾದಕ್ಕೆ ಕಲಬುರಗಿ, ಬೀದರದಿಂದಲೂ ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತಾರೆ. ಸರದಿಯಲ್ಲಿ ನಿಂತವರಲ್ಲಿ ಎಷ್ಟೋ ಜನಕ್ಕೆ ಹತ್ತು ಹೆಜ್ಜೆ ನಡೆದರೆ ಏದುಸಿರು. ಆ ಪ್ರಸಾದದಿಂದ ಆಸ್ತಮಾ ಗುಣವಾಗುತ್ತದೆ ಎನ್ನಲು ವೈದ್ಯಕೀಯ ಪುರಾವೆ ಇಲ್ಲ. ಹಾಗಾಗಿ ಪ್ರಸಾದ ತೆಗೆದುಕೊಂಡರೂ ಡಾಕ್ಟರು ಬರೆದುಕೊಟ್ಟ ಇನ್‌ಹೇಲರನ್ನು ದಯವಿಟ್ಟು ಬಿಡಬೇಡಿ. ಇನ್ನೊಂದು ಮಾತನ್ನೂ ಹೇಳಲೇಬೇಕು: ಉಸಿರಿಗಾಗಿ ಇಷ್ಟು ದೂರ ಬಂದು ಇಷ್ಟು ಹೊತ್ತು ನಿಲ್ಲುವ ನಾವು, ಮೈದಾನದಿಂದ ಹೊರಬಿದ್ದ ಕೂಡಲೇ ಮತ್ತೆ ಅದೇ ಹೊಗೆಯ ನಡುವೆ ಬಾಯಿ ಮುಚ್ಚಿಕೊಂಡು ನಡೆಯುತ್ತೇವೆ. ಗಾಳಿಗಾಗಿ ಒಂದು ಅರ್ಜಿಯನ್ನೂ ಕೊಟ್ಟಿಲ್ಲ.

ಕೇಳಿದಾಗಲೆಲ್ಲ ಸಿಕ್ಕಿದೆ

"ಇದೆಲ್ಲ ಆಗೋ ಮಾತಲ್ಲ" ಎನ್ನುವವರು ಇದನ್ನು ಓದಬೇಕು.

ಒಂದು ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ಮಕ್ಕಳ ಮೆದುಳನ್ನು ಕುಂದಿಸುವ ವಿಷ. 2000ನೇ ಇಸವಿಯ ಫೆಬ್ರವರಿ 1ರಿಂದ ದೇಶದ ತುಂಬ ಸೀಸವಿಲ್ಲದ ಪೆಟ್ರೋಲು ಬಂತು. ಯಾವ ಗಾಡಿಯೂ ನಿಂತುಹೋಗಲಿಲ್ಲ. ದೆಹಲಿಯಲ್ಲಿ ಎಂ.ಸಿ. ಮೆಹ್ತಾ ಎಂಬ ವಕೀಲರು ಹೂಡಿದ ಮೊಕದ್ದಮೆಯಲ್ಲಿ 1998ರ ಜುಲೈ 28ರಂದು ಸುಪ್ರೀಂ ಕೋರ್ಟು ಸಿಟಿ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. ಗ್ಯಾಸ್ ಸಾಲದು, ಬಸ್ಸು ಸಾಲದು, ಊರು ನಿಂತುಹೋಗುತ್ತದೆ ಎಂದು ದೊಡ್ಡ ಗದ್ದಲವೆದ್ದಿತು. 2002ರ ಡಿಸೆಂಬರ್ ಹೊತ್ತಿಗೆ ಅಲ್ಲಿ ಒಂದು ಡೀಸೆಲ್ ಸಿಟಿ ಬಸ್ಸೂ ಉಳಿಯಲಿಲ್ಲ. ಗಾಳಿ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಆಮೇಲೆ ಮತ್ತೆ ಕೆಟ್ಟಿತು, ಅದೂ ನಿಜ. ಬಸ್ಸುಗಳು ಹೆಚ್ಚಲಿಲ್ಲ, ಸ್ವಂತ ಕಾರು, ಬೈಕುಗಳು ಮಿತಿಮೀರಿ ಹೆಚ್ಚಿದವು. ಇಂಧನ ಬದಲಿಸಿದರಷ್ಟೇ ಸಾಲದು, ಜನ ಹತ್ತಲಿಕ್ಕೆ ಬಸ್ಸೂ ಇರಬೇಕು. ದೆಹಲಿಯಿಂದ ನಾವು ಕಲಿಯಬೇಕಾದ ಪಾಠ ಇದು.

ನಮ್ಮ ಊರಿನಲ್ಲೂ ಹಾಗೆಯೇ. ಹಳೆಯ ಟೂ-ಸ್ಟ್ರೋಕ್ ಆಟೋಗಳನ್ನು ನೆನಪಿಸಿಕೊಳ್ಳಿ. ಪೆಟ್ರೋಲಿನ ಜೊತೆ ಆಯಿಲ್ ಬೆರೆತು, ಅರ್ಧಂಬರ್ಧ ಸುಟ್ಟು, ನೀಲಿ ಹೊಗೆಯಾಗಿ ಹೊರಬರುತ್ತಿತ್ತು. ಅದಕ್ಕೆ ರೇಷನ್ನಿನ ಸೀಮೆಎಣ್ಣೆಯ ಕಲಬೆರಕೆ ಬೇರೆ. ಆ ಗಾಡಿಗಳು ಕಡಿಮೆಯಾದವು, ಎಲ್‌ಪಿಜಿ ಬಂತು. ಎಚ್‌ಪಿಸಿಎಲ್ ಮತ್ತು ಗೇಲ್ ಸೇರಿ 2003ರಲ್ಲಿ ಕಟ್ಟಿದ ಭಾಗ್ಯನಗರ ಗ್ಯಾಸ್ ಕಂಪನಿಯಿಂದ ಸಿಎನ್‌ಜಿಯೂ ಬಂತು. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಿಗೆ ಬಿಎಸ್-6 ಇಂಧನ ಬಂತು. ಹಿಂದಿನ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ ಐವತ್ತು ಪಾಲು ಇದ್ದ ಗಂಧಕ ಹತ್ತಕ್ಕೆ ಇಳಿಯಿತು. ಗಂಧಕ ಇಳಿದರೇನೇ ಹೊಗೆಕೊಳವೆಯೊಳಗಿನ ಫಿಲ್ಟರ್ ಕೆಲಸ ಮಾಡುವುದು. ಆದರೆ ಆ ಫಿಲ್ಟರ್ ಇರುವುದು ಹೊಸ ಗಾಡಿಗಳಲ್ಲಿ. ಹತ್ತು ಹನ್ನೆರಡು ವರ್ಷದ ಹಳೆಯ ಬಸ್ಸಿಗೆ, ಲಾರಿಗೆ ಎಷ್ಟೇ ಶುದ್ಧ ಡೀಸೆಲ್ ಹಾಕಿದರೂ ಅದು ಕಪ್ಪು ಹೊಗೆಯನ್ನೇ ಬಿಡುತ್ತದೆ. ಪೇಟೆಯಲ್ಲಿ ಇನ್ನೂ ಬಹಳಷ್ಟು ಓಡುತ್ತಿರುವುದು ಅಂಥವೇ.

ಆಟೋ ಅಣ್ಣನ ಮಾತು

ಕಾಚಿಗುಡ ರೈಲ್ವೆ ಸ್ಟೇಷನ್ ಎದುರಿನ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಕಡೆಯ ಅಣ್ಣನೊಬ್ಬನನ್ನು ಮಾತಾಡಿಸಿದೆವು. ಸಂಜೆಯ ಹೊತ್ತು. ಕೊರಳಿಗೆ ಸುತ್ತಿದ್ದ ಬಿಳಿ ಟವೆಲ್ಲಿನ ಒಂದು ತುದಿ ಬೂದಿಬಣ್ಣಕ್ಕೆ ತಿರುಗಿತ್ತು. ಆ ತುದಿಯಿಂದಲೇ ಅವನು ದಿನವಿಡೀ ಮುಖ ಒರೆಸುತ್ತಾನೆ.

"ಬ್ಯಾಟರಿ ಗಾಡಿ ಚಲೋ ಅಂತ ನಮಗೂ ಗೊತ್ತದರೀ. ಹೊಗಿ ಕುಡಿಯೋರು ಎಲ್ಲಾರಕಿಂತ ಮೊದಲ ನಾವೇ. ಖರೆ, ಈ ಗಾಡಿ ಕಿಸ್ತೇ ಇನ್ನಾ ಮುಗಿದಿಲ್ಲ. ಹೊಸಾದಕ್ಕ ಸಾಲ ಯಾರು ಕೊಡ್ತಾರ? ಚಾರ್ಜ್ ಎಲ್ಲಿ ಮಾಡ್ಲಿ? ನಂದು ಒಂದು ಖೋಲಿ ಮನಿ, ಗಾಡಿ ನಿಲ್ಲೋದು ರೋಡಿನ ಮ್ಯಾಲ."

ಅವನ ಮಾತಿಗೆ ಉತ್ತರ ಕೊಡದೆ ಶುದ್ಧ ಗಾಳಿಯ ಬಗ್ಗೆ ಭಾಷಣ ಮಾಡುವ ಹಕ್ಕು ಯಾರಿಗೂ ಇಲ್ಲ. ಆಟೋ ದಿನಕ್ಕೆ ನೂರು ಕಿಲೋಮೀಟರ್ ಆಸುಪಾಸು ಓಡುತ್ತದೆ. ಆಫೀಸಿಗೆ ಹೋಗಿಬರುವ ಕಾರು ಇಪ್ಪತ್ತೋ ಮೂವತ್ತೋ ಓಡಿ ನೆರಳಿನಲ್ಲಿ ನಿಲ್ಲುತ್ತದೆ. ಒಂದು ಆಟೋ ಬದಲಾದರೆ ಊರಿನ ಗಾಳಿಗೆ ಆಗುವ ಲಾಭ ಮೂರು ನಾಲ್ಕು ಕಾರು ಬದಲಾದಷ್ಟು. ತೆಲಂಗಾಣ ಸರ್ಕಾರ 2024ರ ನವೆಂಬರಿನಲ್ಲಿ ಹೊರಡಿಸಿದ ನೀತಿಯಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದೆ. ಒಳ್ಳೆಯ ಕೆಲಸ, ಮನಸಾರೆ ಸ್ವಾಗತಿಸುತ್ತೇವೆ. ಅದರಲ್ಲಿ ಆಟೋಗಳೂ ಇವೆ. ಆದರೆ ತೆರಿಗೆ ಮನ್ನಾದ ಲಾಭ ಪಡೆಯಬೇಕಾದರೆ ಮೊದಲು ಗಾಡಿ ಕೊಳ್ಳುವ ಹಣ ಇರಬೇಕು. ದುಬಾರಿ ಕಾರು ಕೊಳ್ಳುವವನಿಗೆ ಲಕ್ಷಗಟ್ಟಲೆ ಉಳಿಯುತ್ತದೆ, ಬಾಡಿಗೆ ಆಟೋ ಓಡಿಸುವವನಿಗೆ ಏನೂ ಉಳಿಯುವುದಿಲ್ಲ. ಈ ವಿನಾಯಿತಿ 2026ರ ಡಿಸೆಂಬರ್ 31ರವರೆಗೆ ಎಂದು ಆದೇಶದಲ್ಲಿದೆ. ಅಷ್ಟರೊಳಗೆ ಚಾಲಕರಿಗೆ ಸಾಲದ ದಾರಿ ತೆರೆಯಬೇಕು.

ಹೊರವರ್ತುಲ ರಸ್ತೆಯೊಳಗೆ ಎಲೆಕ್ಟ್ರಿಕ್, ಸಿಎನ್‌ಜಿ, ಎಲ್‌ಪಿಜಿ ಆಟೋಗಳಿಗೆ ಹೊಸ ಪರ್ಮಿಟ್ ಕೊಡುವ ತೀರ್ಮಾನವೂ 2025ರಲ್ಲಿ ಆಗಿದೆ. ಇಲ್ಲಿ ಒಂದು ಎಚ್ಚರ ಬೇಕು. ಈ ಊರಿನಲ್ಲಿ ಪರ್ಮಿಟ್ಟು ಎಂದರೆ ಬಹಳ ಕಾಲದಿಂದ ಫೈನಾನ್ಸರ್‌ಗಳ ಕೈಯ ಸರಕು. ಹೆಸರು ಡ್ರೈವರನದು, ಕಾಗದ ಫೈನಾನ್ಸರನ ಬೀರುವಿನಲ್ಲಿ. ಹೊಸ ಪರ್ಮಿಟ್ಟುಗಳೂ ಅದೇ ದಾರಿ ಹಿಡಿದರೆ ಬ್ಯಾಟರಿ ಆಟೋದ ದಿನಬಾಡಿಗೆ ಏರುತ್ತದೆ, ನಮ್ಮ ಅಣ್ಣ ಹಳೆಯ ಹೊಗೆಗಾಡಿಯಲ್ಲೇ ಉಳಿಯುತ್ತಾನೆ. ಬ್ಯಾಡ್ಜ್ ಇರುವ ಚಾಲಕನ ಹೆಸರಿಗೇ ಪರ್ಮಿಟ್, ಅವನ ಹೆಸರಿಗೇ ಕಡಿಮೆ ಬಡ್ಡಿಯ ಬ್ಯಾಂಕ್ ಸಾಲ, ಹಳೆಯ ಗಾಡಿಯನ್ನು ಗುಜರಿಗೆ ಹಾಕಿದರೆ ಅದಕ್ಕೆ ನ್ಯಾಯವಾದ ಬೆಲೆ, ಸ್ಟ್ಯಾಂಡಿನ ಪಕ್ಕದಲ್ಲೇ ಚಾರ್ಜಿಂಗ್ ಅಥವಾ ಬ್ಯಾಟರಿ ಬದಲಿಸುವ ಜಾಗ. ಈ ನಾಲ್ಕೂ ಒಟ್ಟಿಗೆ ಬರಬೇಕು. ಒಂದು ಬಿಟ್ಟರೂ ಉಳಿದ ಮೂರು ಕೆಲಸಕ್ಕೆ ಬಾರವು.

ಮಹಿಳೆಯರಿಗೆ ಬಸ್ಸು ಉಚಿತವಾದ ಮೇಲೆ ಆಟೋದವರ ಗಳಿಕೆ ಬಿದ್ದಿದೆ ಎಂಬ ದೂರೂ ಇದೆ. ಬಸ್ಸು ಉಚಿತವಾದದ್ದು ಸರಿಯೇ. 2023ರ ಜೂನಿನಲ್ಲಿ ಕರ್ನಾಟಕದ ಶಕ್ತಿ, ಅದೇ ಡಿಸೆಂಬರಿನಲ್ಲಿ ಇಲ್ಲಿನ ಮಹಾಲಕ್ಷ್ಮಿ ಯೋಜನೆ ಬಂದ ಮೇಲೆ ನಮ್ಮ ಎಷ್ಟೋ ಹೆಣ್ಣುಮಕ್ಕಳು ದುಡಿಮೆಗೆ, ಓದಿಗೆ ಧೈರ್ಯವಾಗಿ ಹೊರಟರು. ಆದರೆ ಗಳಿಕೆ ಬಿದ್ದವನಿಗೆ ಹೊಸ ಗಾಡಿಯ ಸಾಲ ಇನ್ನಷ್ಟು ಭಾರ. ಸರ್ಕಾರದ ನೆರವು ಎಲ್ಲರಿಗಿಂತ ಮೊದಲು ಅವನಿಗೆ ಸಿಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಆಟೋ ಅಣ್ಣಂದಿರಿಗೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಮನೆಯ ಸಿಲಿಂಡರಿನಿಂದ ಕದ್ದುಮುಚ್ಚಿ ಗಾಡಿಗೆ ಗ್ಯಾಸ್ ತುಂಬಿಸುವ ಅಂಗಡಿಗಳಿಗೆ ಹೋಗಬೇಡಿ. ಬಂಕಿನ ಸಾಲಿನಲ್ಲಿ ಕಾಯುವಾಗ ಎರಡು ಬಾಡಿಗೆ ಕೈಬಿಡುತ್ತವೆ, ನಮಗೆ ಗೊತ್ತು. ಆದರೆ ಆ ಸಣ್ಣ ಕೋಣೆಯಲ್ಲಿ ಒಂದು ಕಿಡಿ ಹಾರಿದರೆ ಓಣಿಯೇ ಸುಡುತ್ತದೆ. ಬಂಕುಗಳನ್ನು ಹೆಚ್ಚಿಸಿ ಎಂದು ನಿಮ್ಮ ಪರವಾಗಿ ನಾವೂ ಕೇಳುತ್ತೇವೆ.

ಬಸ್ಸು ಬರಲಿ, ಹೊಗೆಯಿಲ್ಲದ ಬಸ್ಸು ಬರಲಿ

1932ರ ಜೂನ್ 15ರಂದು ನಿಜಾಮರ ಸರ್ಕಾರ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಬೀದರ, ಕಲಬುರಗಿ, ರಾಯಚೂರು ಆಗ ಇದೇ ರಾಜ್ಯದ ಜಿಲ್ಲೆಗಳು. ಈ ಊರಿನ ಸರ್ಕಾರಿ ಬಸ್ಸಿನ ಮೇಲೆ ನಮಗೂ ಹಳೆಯ ಹಕ್ಕಿದೆ. ಆ ಹಕ್ಕಿನಿಂದಲೇ ಕೇಳುತ್ತಿದ್ದೇವೆ.

2019ರಲ್ಲಿ ಇಲ್ಲಿಗೆ ಮೊದಲ 40 ಬ್ಯಾಟರಿ ಬಸ್ಸುಗಳು ಬಂದವು. ಎಲ್ಲವೂ ಹವಾನಿಯಂತ್ರಿತ, ವಿಮಾನ ನಿಲ್ದಾಣದ ಮಾರ್ಗಕ್ಕೆ. 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ಬ್ಯಾಟರಿ ಕಾರುಗಳ ಅಂತರರಾಷ್ಟ್ರೀಯ ರೇಸು ನಡೆಯಿತು. ಅಂದರೆ ತಂತ್ರಜ್ಞಾನ ಈ ಊರಿಗೆ ಬಂದಿದೆ, ರಸ್ತೆ ಇದೆ, ವಿದ್ಯುತ್ತಿದೆ. ಪಟಾನ್‌ಚೆರುವಿನಿಂದ ಕೋಠಿಗೆ ನಿಂತುಕೊಂಡು ಬರುವ ಕೂಲಿಯವಳ ಬಸ್ಸಿಗೆ ಮಾತ್ರ ಅದು ಇನ್ನೂ ಸರಿಯಾಗಿ ತಲುಪಿಲ್ಲ. ಆಮೇಲೆ ಕೆಲವು ಸಿಟಿ ಮಾರ್ಗಗಳಿಗೂ ಬ್ಯಾಟರಿ ಬಸ್ಸು ಹಾಕಿದ್ದಾರೆ. ಸಾಲದು. ಬೆಂಗಳೂರಿನ ಬಿಎಂಟಿಸಿ 2014ರಲ್ಲೇ ಒಂದು ಬ್ಯಾಟರಿ ಬಸ್ಸನ್ನು ಪ್ರಯೋಗಕ್ಕೆ ಓಡಿಸಿತ್ತು. ಈಗ ಅಲ್ಲಿ ಅಂಥ ಬಸ್ಸುಗಳ ಸಂಖ್ಯೆ ಸಾವಿರ ದಾಟಿದೆ, ಅವು ಸಾಮಾನ್ಯ ಬಡಾವಣೆಗಳಲ್ಲಿ ಓಡುತ್ತಿವೆ.

2025ರಲ್ಲಿ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಹೈದರಾಬಾದಿಗೆ 2,000 ಎಲೆಕ್ಟ್ರಿಕ್ ಬಸ್ಸುಗಳು ಹಂಚಿಕೆಯಾಗಿವೆ. ಬೆಂಗಳೂರಿಗೆ 4,500. ಇದೇ ನಮ್ಮ ಕೈಗೆ ಸಿಕ್ಕ ಸಮಯ. ಈ ಎರಡು ಸಾವಿರ ಬಸ್ಸುಗಳು ಯಾವ ಮಾರ್ಗಕ್ಕೆ ಹೋಗುತ್ತವೆ ಎಂಬುದು ಈಗ ತೀರ್ಮಾನವಾಗುವ ವಿಷಯ. ಸುಮ್ಮನಿದ್ದರೆ ಮತ್ತೆ ಹೈಟೆಕ್ ಸಿಟಿಗೆ, ಏರ್‌ಪೋರ್ಟಿಗೆ. ಕೇಳಿದರೆ ಅಫ್ಜಲ್‌ಗಂಜ್, ಚಾರ್ಮಿನಾರ್, ಕೋಠಿ, ಉಪ್ಪಲ್, ಪಟಾನ್‌ಚೆರುವಿಗೆ. ಇನ್ನೊಂದನ್ನೂ ಗಟ್ಟಿಯಾಗಿ ಕೇಳಬೇಕು: ಹೊಸ ಬಸ್ಸು ಬಂದಷ್ಟೇ ಹಳೆಯದನ್ನು ತೆಗೆದು ಲೆಕ್ಕ ಸರಿದೂಗಿಸಿದರೆ ಸಾಲದು, ಒಟ್ಟು ಬಸ್ಸು ಹೆಚ್ಚಬೇಕು. 2019ರ 52 ದಿನಗಳ ಮುಷ್ಕರದ ನಂತರ ಸಿಟಿ ಬಸ್ಸುಗಳು ಕಡಿಮೆಯಾದಾಗ ಜನ ಏನು ಮಾಡಿದರು? ಕಿಸ್ತಿನ ಮೇಲೆ ಬೈಕು ತಂದರು. ಒಂದು ಬಸ್ಸು ನಿಂತರೆ ರಸ್ತೆಗೆ ಐವತ್ತು ಬೈಕು ಬರುತ್ತವೆ.

ಮೆಟ್ರೋ 2017ರಿಂದ ಓಡುತ್ತಿದೆ, ಮೂರು ಮಾರ್ಗ ಸೇರಿ 69 ಕಿಲೋಮೀಟರ್. ಸ್ಟೇಷನ್ನಿನಿಂದ ಮನೆಗೆ ಹೋಗಲು ಸಣ್ಣ ಬ್ಯಾಟರಿ ಬಸ್ಸೋ, ಹಂಚಿಕೊಂಡು ಹೋಗುವ ಬ್ಯಾಟರಿ ಆಟೋವೋ ಇದ್ದರೆ ಇನ್ನೆಷ್ಟೋ ಜನ ಅದನ್ನು ಹತ್ತುತ್ತಾರೆ.

"ಬ್ಯಾಟರಿ ಗಾಡಿಯ ಕರೆಂಟು ಕಲ್ಲಿದ್ದಲಿನಿಂದಲೇ ಬರುವುದಲ್ಲವೇ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ರಾಮಗುಂಡಂ, ಕೊತ್ತಗೂಡೆಂ ಚಿಮಣಿಗಳು ಹೊಗೆ ಬಿಡುತ್ತವೆ. ನಮ್ಮ ರಾಯಚೂರಿನ ಶಕ್ತಿನಗರದ ಸುತ್ತಲಿನವರಿಗೆ ಆ ಬೂದಿ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯೂ ಹೊಗೆ ಶುದ್ಧಿಯ ಯಂತ್ರ ಕೂರಿಸಬೇಕು, ಸೌರ ವಿದ್ಯುತ್ ಹೆಚ್ಚಬೇಕು. ಹಾಗಿದ್ದರೂ ಒಂದು ಚಿಮಣಿಗೆ ಫಿಲ್ಟರ್ ಹಾಕಿ ಕಾವಲು ಕಾಯುವುದು ಸಾಧ್ಯ. ಲಕ್ಷಾಂತರ ಸೈಲೆನ್ಸರುಗಳ ಹಿಂದೆ ನಿಂತು ಕಾಯುವುದು ಸಾಧ್ಯವಿಲ್ಲ. ಟೈರು ಎಬ್ಬಿಸುವ ಧೂಳು ಬ್ಯಾಟರಿ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ಬೇಕಾದದ್ದು ಒಳ್ಳೆಯ ರಸ್ತೆ, ಕಡಿಮೆ ಗಾಡಿ.

ನಮ್ಮ ಕೈಯಲ್ಲಿರುವುದು

ನಾಳೆ ಬೆಳಗ್ಗೆಯಿಂದಲೇ ಆಗುವ ಕೆಲಸಗಳೂ ಇವೆ. ಸಿಗ್ನಲ್ಲಿನಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವಾಗ ಎಂಜಿನ್ ಆಫ್ ಮಾಡಿ. ಹೊಗೆ ತಪಾಸಣೆಯ ಸರ್ಟಿಫಿಕೇಟನ್ನು ಗಾಡಿ ತೋರಿಸದೆ ದುಡ್ಡು ಕೊಟ್ಟು ತರಬೇಡಿ. ಏರ್ ಫಿಲ್ಟರ್, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ, ಪೆಟ್ರೋಲೂ ಉಳಿಯುತ್ತದೆ. ಬಸ್ ನಿಲ್ದಾಣದಲ್ಲಿ ಎಂಜಿನ್ ಚಾಲೂ ಇಟ್ಟು ನಿಂತ ಬಸ್ಸು ಕಂಡರೆ ಡ್ರೈವರ್ ಅಣ್ಣನಿಗೆ ಮರ್ಯಾದೆಯಿಂದ ಹೇಳಿ, "ಅಣ್ಣಾ, ಕೂಸುಗಳು ನಿಂತಾವ, ಬಂದ್ ಮಾಡ್ರಿ." ಹತ್ತರಲ್ಲಿ ಎಂಟು ಜನ ಮಾತು ಕೇಳುತ್ತಾರೆ. ಅವರೂ ಅದೇ ಹೊಗೆ ಕುಡಿಯುವವರು.

ಫೋನಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಳ್ಳಿ. ಸನತ್‌ನಗರ, ಝೂ ಪಾರ್ಕ್, ಬೊಲ್ಲಾರಂ, ಪಟಾನ್‌ಚೆರುವಿನ ಇಕ್ರಿಸ್ಯಾಟ್, ಹೈದರಾಬಾದ್ ವಿಶ್ವವಿದ್ಯಾಲಯ ಮುಂತಾದ ಕಡೆ ಗಾಳಿ ಅಳೆಯುವ ಯಂತ್ರಗಳಿವೆ. ಸೂಚ್ಯಂಕ 200 ದಾಟಿದ ದಿನ ಮಕ್ಕಳನ್ನು, ಉಬ್ಬಸವಿರುವ ಹಿರಿಯರನ್ನು ಬೆಳಗಿನ ರಸ್ತೆಗೆ ಕಳಿಸಬೇಡಿ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಅರ್ಜಿಯಲ್ಲಿ ಅದು ಬೇಕು.

ಅರ್ಜಿ ಎಂದೆವಲ್ಲ, ಅದೇ ಈ ಕಾಗದದ ಮುಖ್ಯ ಕೆಲಸ. ಬೇಗಂಪೇಟೆಯ ಪ್ರಜಾ ಭವನದಲ್ಲಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ 'ಪ್ರಜಾವಾಣಿ' ನಡೆಯುತ್ತದೆ, ಜನರ ಅರ್ಜಿಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಜಿಲ್ಲಾ ಕಲೆಕ್ಟರ್ ಕಚೇರಿಗಳಲ್ಲಿ ಸೋಮವಾರ. ನಾವು ಅಲ್ಲಿಗೆ ಹೋಗಬೇಕು. ಒಬ್ಬಿಬ್ಬರಾಗಿ ಹೋದರೆ ಕಾಗದ ಫೈಲಿಗೆ ಸೇರುತ್ತದೆ, ನೂರಾರು ಸಹಿ ಹಿಡಿದು ಹೋದರೆ ಉತ್ತರ ಬರುತ್ತದೆ. ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಬರುವವರು, ನೃಪತುಂಗ ಶಾಲೆಯಲ್ಲಿ ಮಕ್ಕಳನ್ನು ಓದಿಸುವವರು, ಮಠಕ್ಕೆ, ಮಸೀದಿಗೆ, ಚರ್ಚಿಗೆ ಹೋಗುವವರು, ಕಟ್ಟಡದ ಸೈಟಿನಲ್ಲಿ ಒಂದೇ ಶೆಡ್ಡಿನಲ್ಲಿ ಇರುವವರು, ನಿಮ್ಮ ನಿಮ್ಮಲ್ಲೇ ಸಹಿ ಕೂಡಿಸಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ತೆಲುಗು ಚೆನ್ನಾಗಿ ಬರೆಯಬಲ್ಲ ಹುಡುಗ ಹುಡುಗಿಯರು ಅರ್ಜಿ ಬರೆದುಕೊಡಿ. ತೆಲುಗು, ಉರ್ದು ಮಾತಾಡುವ ನೆರೆಯವರನ್ನೂ ಜೊತೆಗೆ ಕರೆದುಕೊಳ್ಳಿ, ಗಾಳಿ ಎಲ್ಲರದ್ದು.

ಅರ್ಜಿಯಲ್ಲಿ ಹೀಗೆ ಬರೆಯಿರಿ: ಕೇಂದ್ರ ಹಂಚಿರುವ 2,000 ಎಲೆಕ್ಟ್ರಿಕ್ ಬಸ್ಸುಗಳು ಸಾಮಾನ್ಯ ಜನ ಓಡಾಡುವ ಮಾರ್ಗಗಳಿಗೆ ಮೊದಲು ಬರಲಿ, ಯಾವ ಮಾರ್ಗಕ್ಕೆ ಎಷ್ಟು ಎಂಬ ಪಟ್ಟಿಯನ್ನು ಜನರಿಗೆ ಪ್ರಕಟಿಸಲಿ. ಹೊಸ ಆಟೋ ಪರ್ಮಿಟ್ ಚಾಲಕನ ಹೆಸರಿಗಷ್ಟೇ ಸಿಗಲಿ, ಅದರ ಜೊತೆಗೇ ಕಡಿಮೆ ಬಡ್ಡಿಯ ಸಾಲ ಸಿಗಲಿ. ಪ್ರತಿ ದೊಡ್ಡ ಆಟೋ ಸ್ಟ್ಯಾಂಡಿನಲ್ಲಿ ಚಾರ್ಜಿಂಗ್ ಜಾಗವಾಗಲಿ. ಬಸ್ ನಿಲ್ದಾಣಗಳಲ್ಲಿ ನಿಂತ ಬಸ್ಸಿನ ಎಂಜಿನ್ ಆಫ್ ಮಾಡುವುದು ಕಡ್ಡಾಯವಾಗಲಿ, ತೆಲಂಗಾಣದ ಬಸ್ಸಿಗೂ, ಕರ್ನಾಟಕದ ಬಸ್ಸಿಗೂ. ಕೆಳಗೆ ನಿಮ್ಮ ಹೆಸರು, ಓಣಿ, ಕೆಲಸ ಬರೆದು ಸಹಿ ಹಾಕಿ.

ಮುಂದಿನ ಮಂಗಳವಾರಕ್ಕೆ ನಿಮ್ಮ ಓಣಿಯ ಸಹಿಗಳು ಸಿದ್ಧವಾಗಲಿ. ಬೆಳಗ್ಗೆ ಬೇಗ ಹೊರಟು, ಬಸ್ಸಿನಲ್ಲೋ ಮೆಟ್ರೋದಲ್ಲೋ ಪ್ರಜಾ ಭವನಕ್ಕೆ ಬನ್ನಿ. ಮನೆಯಲ್ಲಿ ಉಬ್ಬಸವಿರುವವರಿದ್ದರೆ ಅವರ ಆಸ್ಪತ್ರೆ ಚೀಟಿಯ ಒಂದು ಪ್ರತಿಯನ್ನೂ ತನ್ನಿ. ಅರ್ಜಿ ಕೊಟ್ಟ ಮೇಲೆ ರಸೀದಿ ಪಡೆಯದೆ ವಾಪಸಾಗಬೇಡಿ.

ಇಂತಿ,
ಕಾಚಿಗುಡ ಮತ್ತು ಸುತ್ತಮುತ್ತಲಿನ ಕನ್ನಡಿಗರು